ದುಡ್ಡು ಆ ಮಗುವಿನ ಕೈಗೇ ಹೋಗುತ್ತಾ?

ಇಲ್ಲ, ಹೋಗಲ್ಲ.

ಮನೆಗೆ ಬಂದವರು ಫ್ರಿಜ್ ಮೇಲಿನ ಫೋಟೋ ನೋಡಿ "ಇದ್ಯಾರು?" ಅಂತಾರೆ. ಉಗಾಂಡದ ಹುಡುಗಿ, ಕಂಪ್ಯಾಷನ್ ಅನ್ನೋ ಕ್ರೈಸ್ತ ಸಂಸ್ಥೆಯ ಮೂಲಕ ಅವಳಿಗೆ ತಿಂಗಳು ತಿಂಗಳು 43 ಡಾಲರ್ ಕಟ್ಟುತ್ತೇನೆ ಅಂದ ಕೂಡಲೇ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಧಾರವಾಡದಿಂದ ಫೋನ್ ಮಾಡುವ ಚಿಕ್ಕಮ್ಮನಂತೂ "ನಡುವೆ ಇದ್ದೋರು ತಿಂದುಹಾಕಲ್ವೇನೇ?" ಅಂತ ನೇರವಾಗೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳೋ ಬದಲು ಇಲ್ಲಿ ಬರೆದುಬಿಡುತ್ತೇನೆ.

ಮಗುವಿನ ಕೈಗೆ ಕ್ಯಾಶ್ ಕೊಡುವ ಪದ್ಧತಿಯೇ ಇಲ್ಲ. ಸಂಸ್ಥೆ ಅಲ್ಲಿನ ಊರಿನ ಚರ್ಚುಗಳ ಜೊತೆ ಕೆಲಸ ಮಾಡುತ್ತದೆ. ಚರ್ಚಿನಲ್ಲೇ ಒಂದು ಕೇಂದ್ರ. ಮಕ್ಕಳು ಶಾಲೆ ಮುಗಿಸಿಯೋ ರಜೆಯ ದಿನವೋ ಅಲ್ಲಿಗೆ ಬರುತ್ತಾರೆ. ಊಟ, ಪಾಠ, ಆಟ, ಡಾಕ್ಟರ ತಪಾಸಣೆ, ಎಷ್ಟೋ ಕಡೆ ಶಾಲೆ ಫೀಸು ಮತ್ತು ಯೂನಿಫಾರ್ಮು, ಎಲ್ಲಾ ಆ ದುಡ್ಡಿನಲ್ಲೇ. ವರ್ಲ್ಡ್ ವಿಷನ್ ಅಂತ ಇಂಥದ್ದೇ ಇನ್ನೊಂದು ಕ್ರೈಸ್ತ ಸಂಸ್ಥೆ ಇದೆ, ಅವರದು ಬೇರೆ ದಾರಿ. ಫೋಟೋ ಒಂದು ಮಗುವಿನದೇ ಇದ್ದರೂ ಎಲ್ಲರ ದುಡ್ಡೂ ಒಟ್ಟಾಗಿ ಇಡೀ ಊರಿನ ನೀರು, ಶಾಲೆ, ಆರೋಗ್ಯ ಅಂತ ಖರ್ಚಾಗುತ್ತದೆ.

ಮನೆಯವರಿಗೆ ಅಂತ ಬೇರೆಯಾಗಿ ಉಡುಗೊರೆ ಕಳಿಸಬಹುದು. ಅದನ್ನೂ ಕೇಂದ್ರದವರು ಮನೆಯವರ ಜೊತೆ ಕೂತು, ಏನು ಬೇಕು ಅಂತ ಕೇಳಿ, ಕೊಡಿಸಿ, ಫೋಟೋ ತೆಗೆದು ಕಳಿಸುತ್ತಾರೆ. ಕಳೆದ ಸಲ ಬಂದ ಫೋಟೋದಲ್ಲಿ ಹುಡುಗಿ, ಅವಳ ಅಜ್ಜಿ, ಇಬ್ಬರ ನಡುವೆ ಒಂದು ಮೇಕೆ, ಪಕ್ಕದಲ್ಲಿ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚದ ಹಾಸಿಗೆ, ಮೆಕ್ಕೆಜೋಳದ ಹಿಟ್ಟಿನ ಚೀಲ. ಅಜ್ಜಿ ಮೇಕೆಯ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಾರೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಮೇಕೆ ಒಂದು ಬಿಟ್ಟು.

ಈ ಎರಡೂ ಸಂಸ್ಥೆಗಳ ಬೇರು ಕೊರಿಯಾ ಯುದ್ಧದ ಕಾಲದ್ದು. ಬಾಬ್ ಪಿಯರ್ಸ್ 1950ರಲ್ಲಿ ವರ್ಲ್ಡ್ ವಿಷನ್ ಕಟ್ಟಿದರು. 1952ರಲ್ಲಿ ಅಮೆರಿಕದ ಸೈನಿಕರಿಗೆ ಪ್ರಸಂಗ ಮಾಡಲು ಹೋದ ಎವೆರೆಟ್ ಸ್ವಾನ್ಸನ್ ಎಂಬ ಪಾದ್ರಿ ಅನಾಥ ಮಕ್ಕಳ ಪಾಡು ನೋಡಿ, ವಾಪಸ್ ಬಂದು ದುಡ್ಡು ಎತ್ತಲು ಶುರು ಮಾಡಿದರು. ಅದೇ ಮುಂದೆ ಕಂಪ್ಯಾಷನ್ ಆಯಿತು.

ಚಿಕ್ಕಮ್ಮನ ಅನುಮಾನ ಸುಮ್ಸುಮ್ನೆ ಬಂದದ್ದೇನಲ್ಲ. 1998ರಲ್ಲಿ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯವರು ತಾವೇ ನಾಲ್ಕಾರು ಸಂಸ್ಥೆಗಳ ಮೂಲಕ ಮಕ್ಕಳಿಗೆ ದುಡ್ಡು ಕಟ್ಟಿ, ಆಮೇಲೆ ಆ ಮಕ್ಕಳನ್ನು ಹುಡುಕಿಕೊಂಡು ಹೋದರು. ಮಾಲಿ ದೇಶದ ಹುಡುಗಿಯೊಬ್ಬಳು ಸತ್ತುಹೋಗಿದ್ದಳು, ಅವಳ ಹೆಸರಿನಲ್ಲಿ ದುಡ್ಡು ಮಾತ್ರ ಹೋಗುತ್ತಲೇ ಇತ್ತು. ಆ ವರದಿ ಬಂದ ಮೇಲೆ ಈ ಕ್ಷೇತ್ರದವರೆಲ್ಲ ಸ್ವಲ್ಪ ಬಿಗಿಯಾದರು.

ನನಗೆ ಧೈರ್ಯ ಕೊಟ್ಟದ್ದು ಬೇರೆ ಒಂದು ಲೆಕ್ಕ. ಬ್ರೂಸ್ ವೈಡಿಕ್ ಎಂಬ ಅರ್ಥಶಾಸ್ತ್ರಜ್ಞ ಮತ್ತು ಜೊತೆಯವರು ಭಾರತವೂ ಸೇರಿ ಆರು ದೇಶಗಳಲ್ಲಿ ಸುಮಾರು 10,000 ಜನರ ಬದುಕನ್ನು ಪರಿಶೀಲಿಸಿದರು, ವರದಿ 2013ರಲ್ಲಿ ಬಂತು. ಅವರ ಉಪಾಯ ನನಗೆ ಬಹಳ ಹಿಡಿಸಿತು. ಕಂಪ್ಯಾಷನ್ ಯೋಜನೆಗೆ 12 ವರ್ಷ ದಾಟಿದವರನ್ನು ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಊರಿಗೆ ಕೇಂದ್ರ ಬಂದಾಗ ವಯಸ್ಸು ಮೀರಿದ್ದ ಅಕ್ಕ ಅಣ್ಣಂದಿರನ್ನೂ ಅದೇ ಮನೆಯಲ್ಲಿ ಸೇರಿಕೊಂಡ ತಮ್ಮ ತಂಗಿಯರನ್ನೂ ಹೋಲಿಸಿ ನೋಡಿದರು. ಸೇರಿದವರು ಒಂದರಿಂದ ಒಂದೂವರೆ ವರ್ಷದಷ್ಟು ಜಾಸ್ತಿ ಓದಿದ್ದರು. ನೂರರಲ್ಲಿ 45 ಮಂದಿ ಹೈಸ್ಕೂಲು ಮುಗಿಸುವ ಕಡೆ ಇನ್ನೂ 12ರಿಂದ 18 ಮಂದಿ ಹೆಚ್ಚಿಗೆ ಮುಗಿಸಿದ್ದರು. ಕೈಗೆ ಕ್ಯಾಶ್ ಕೊಟ್ಟಿದ್ದರೆ ಇಷ್ಟೂ ಆಗುತ್ತಿತ್ತಾ? ನನಗಂತೂ ನಂಬಿಕೆ ಇಲ್ಲ. ಅಜ್ಜಿಯ ಸಾಲಕ್ಕೋ ಮಾವನ ಕುಡಿತಕ್ಕೋ ಹೋಗಲು ಎಷ್ಟು ಹೊತ್ತು.

ಇನ್ನು ಎರಡನೇ ಪ್ರಶ್ನೆ, ಸ್ವಲ್ಪ ತಗ್ಗಿದ ದನಿಯಲ್ಲಿ ಬರುವಂಥದ್ದು: "ಮತಾಂತರ ಮಾಡ್ತಾರಲ್ವಾ?" ಬೈಬಲ್ ಪಾಠ ಇದೆ. ಅವರೇನೂ ಮುಚ್ಚಿಡುವುದಿಲ್ಲ. ಯಾವ ಧರ್ಮದ ಮಗುವಾದರೂ ಸೇರಬಹುದು, ಕ್ರೈಸ್ತರಾಗಲೇಬೇಕು ಅನ್ನೋ ಷರತ್ತಿಲ್ಲ. ನಾನು ಸಂಡೇ ಸ್ಕೂಲಿನಲ್ಲೇ ಬೆಳೆದವಳು, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಊಟ ಸಿಗುವ ಜಾಗ ಅದೊಂದೇ ಆಗಿದ್ದಾಗ, ಬೇರೆ ಧರ್ಮದ ಬಡ ತಾಯಿಗೆ "ಇಷ್ಟ ಇದ್ರೆ ಕಳಿಸಿ" ಅನ್ನೋದು ಎಷ್ಟರ ಮಟ್ಟಿಗೆ ಇಷ್ಟದ ಮಾತು ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಭಾರತದಲ್ಲಿ ಈ ಜಗಳ ಎಲ್ಲಿಗೆ ಮುಟ್ಟಿತು ಅಂತ ನಿಮಗೆ ಗೊತ್ತಿರಬಹುದು. 2016ರಲ್ಲಿ ಕೇಂದ್ರ ಸರ್ಕಾರ, ಕಂಪ್ಯಾಷನ್ ದುಡ್ಡು ಕಳಿಸಬೇಕಾದರೆ ಮೊದಲೇ ಅನುಮತಿ ಪಡೆಯಬೇಕು ಎಂದಿತು. ಅನುಮತಿ ಸಿಗಲಿಲ್ಲ. 2017ರ ಮಾರ್ಚ್‌ನಲ್ಲಿ ಅವರು ಭಾರತದಿಂದ ಹೊರಟೇಬಿಟ್ಟರು. ಆಗ ಅವರ ಪಟ್ಟಿಯಲ್ಲಿದ್ದ ಮಕ್ಕಳು ಸುಮಾರು 1 ಲಕ್ಷ 45 ಸಾವಿರ. ವರ್ಲ್ಡ್ ವಿಷನ್ ಇಂಡಿಯಾಕ್ಕೆ ವಿದೇಶಿ ದೇಣಿಗೆ ಪಡೆಯಲು ಇದ್ದ ನೋಂದಣಿಯೂ 2024ರಲ್ಲಿ ರದ್ದಾಯಿತು. ಲೆಕ್ಕ ಕೇಳುವುದು ಸರ್ಕಾರದ ಹಕ್ಕು, ಕೇಳಲಿ. ಆ ಮಕ್ಕಳ ಊಟ, ಫೀಸಿಗೆ ಬೇರೆ ಏರ್ಪಾಡು ಆಗುವ ತನಕ ಕಾಯಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಕೆಲವರು ಕೊನೆಗೆ "ನಾನೂ ಸೇರಲಾ?" ಅಂತಾರೆ. ಹೊರದೇಶದಲ್ಲಿದ್ದರೆ, ಆ ಮಗು ದೊಡ್ಡದಾಗುವ ತನಕ ಕಟ್ಟುವ ಮನಸ್ಸಿದ್ದರೆ ಸೇರಿ. ಪತ್ರ ಬರೆಯಲು ಸೋಮಾರಿತನ ಮಾಡಬೇಡಿ, ಅಕ್ಕಪಕ್ಕದವರಿಗೆ ಪತ್ರ ಬಂದು ತನಗೆ ಬಾರದಿದ್ದರೆ ಆ ಮಗು ಲೆಕ್ಕ ಇಟ್ಟಿರುತ್ತದೆ. ಕರ್ನಾಟಕದಲ್ಲೇ ಇರುವವರಾದರೆ ಇಷ್ಟು ಸುತ್ತು ಬೇಡ. ನಿಮ್ಮ ತಾಲ್ಲೂಕಿನಲ್ಲೇ ಯಾವುದಾದರೂ ಹಾಸ್ಟೆಲ್ ಇರುತ್ತದೆ, ಚರ್ಚಿನದೋ ಮಠದದೋ. ದುಡ್ಡು ಕೊಡುವ ಮೊದಲು ಊಟದ ಹೊತ್ತಿಗೆ ಹೇಳದೇ ಕೇಳದೇ ಹೋಗಿ, ಸಾರಿನ ಪಾತ್ರೆಯೊಳಗೆ ಇಣುಕಿ ನೋಡಿ.