ತಟ್ಟೆ ಎಷ್ಟು ಹಳೇದು ಅಂತ ನಾನು ಕೇಳೋದಿಲ್ಲ

ನಾನು ಗ್ರಾಮಫೋನ್ ತಟ್ಟೆ ಕೂಡಿಡುತ್ತೇನೆ ಅಂತ ಮೈಸೂರಲ್ಲಿ ನಾಲ್ಕು ಜನಕ್ಕೆ ಗೊತ್ತಾದ ಮೇಲೆ ಫೋನ್ ಬರೋಕೆ ಶುರುವಾಯಿತು. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಮಾತು. "ಸಾರ್, ನಮ್ಮಜ್ಜನ ಕಾಲದ್ದು. ಎಂಬತ್ತು ವರ್ಷ ಹಳೇದು. ನಾಯಿ ಚಿತ್ರ ಇದೆ. ಎಷ್ಟು ಕೊಡ್ತೀರಾ?"

ನಾಯಿ ಚಿತ್ರದ ತಟ್ಟೆ ಅಂದರೆ ಎಚ್‌ಎಂವಿ ಕಂಪನಿಯದ್ದು. ಅದು ಕಲ್ಕತ್ತದ ಡಮ್‌ಡಮ್ ಕಾರ್ಖಾನೆಯಿಂದ ರಾಶಿ ರಾಶಿಯಾಗಿ ದೇಶದ ಮೂಲೆ ಮೂಲೆಗೂ ಹೋಗಿದೆ. ಹಳೇದು ಅನ್ನೋ ಒಂದೇ ಕಾರಣಕ್ಕೆ ಅದಕ್ಕೆ ಬೆಲೆ ಬರೋದಿಲ್ಲ. ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ. ಯಾರ ಮನೇಲಿತ್ತು? ಎಷ್ಟು ಹಾಕಿ ಕೇಳ್ತಿದ್ರು? ಎಲ್ಲಿ ಇಟ್ಟಿದ್ರು? ಇದನ್ನು ಕೇಳಿದ ತಕ್ಷಣ ಕೆಲವರು ಫೋನ್ ಇಟ್ಟುಬಿಡುತ್ತಾರೆ. ಕೊಳ್ಳೋಕೆ ಮನಸ್ಸಿಲ್ಲ, ಸುಮ್ನೆ ಕೊಂಕು ತೆಗೀತಾನೆ ಅಂದುಕೊಳ್ಳುತ್ತಾರೋ ಏನೋ.

ನನ್ನ ಅನುಭವದಲ್ಲಿ ತಟ್ಟೆ ಅಪರೂಪ ಆಗೋದು ಎರಡು ರೀತಿ. ಯಾರೂ ಕೊಳ್ಳದೆ ಅಪರೂಪ ಆಗೋದು ಒಂದು. ಎಲ್ಲರೂ ಕೊಂಡು, ಸವೆಸಿ, ಹಾಳು ಮಾಡಿ ಅಪರೂಪ ಆಗೋದು ಇನ್ನೊಂದು. ಪೇಟೆಯಲ್ಲಿ ದುಡ್ಡು ಓಡೋದು ಮೊದಲನೆಯದರ ಹಿಂದೆ. ನನ್ನ ಜೀವ ಹೋಗೋದು ಎರಡನೆಯದಕ್ಕೆ.

ಮೊದಲನೆಯದಕ್ಕೆ ಉದಾಹರಣೆ ಚರಣ್‌ಜಿತ್ ಸಿಂಗ್. ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಎಲೆಕ್ಟ್ರಾನಿಕ್ ವಾದ್ಯಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಆಗ ಕೇಳುವವರಿರಲಿಲ್ಲ, ಎಲ್‌ಪಿ, ಅಂದರೆ ಹಲವು ಹಾಡು ಹಿಡಿಸುವ ದೊಡ್ಡ ತಟ್ಟೆ, ಓಡಲಿಲ್ಲ. 2010ರಲ್ಲಿ ಹಾಲೆಂಡಿನವರು ಅದನ್ನು ಮತ್ತೆ ಅಚ್ಚು ಹಾಕಿದರು. ಕೇಳಿದವರಿಗೆ ಬೆರಗು. ಇದು ಚಿಕಾಗೋದ ಆಸಿಡ್ ಹೌಸ್ ಅನ್ನೋ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಹಾಗೇ ಇದೆ, ಆದರೆ ಅದಕ್ಕಿಂತ ಮುಂಚಿನದು! ಅಲ್ಲಿಂದ ಮೂಲ ಪ್ರತಿಗೆ ಎಲ್ಲಿಲ್ಲದ ಬೆಲೆ. ನನಗೂ ಅದು ಇಷ್ಟವೇ. ಅದರಲ್ಲೂ ಭೈರವ್ ಚೆನ್ನಾಗಿದೆ. ಆದರೆ ಮರುಮುದ್ರಣ ಸಿಗುವಾಗ ಮೂಲ ಪ್ರತಿಗೆ ಅಷ್ಟು ಸುರಿಯೋಕೆ ನನ್ನ ಕೈಲಾಗೋದಿಲ್ಲ.

ಬೀಟಲ್ಸ್ ಕಥೆ ಇನ್ನೂ ಮಜಾ. ಇಂಗ್ಲೆಂಡಿನಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ ಮುಗಿದು, ವಿನೈಲ್ ಅನ್ನೋ ಪ್ಲಾಸ್ಟಿಕ್ ತಟ್ಟೆ ಬಂದಾಗಿತ್ತು. ನಮ್ಮಲ್ಲಿ ಎಷ್ಟೋ ಊರಿಗೆ ಕರೆಂಟೇ ಇರಲಿಲ್ಲ. ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆಗಳು ಇನ್ನೂ ಓಡುತ್ತಿದ್ದವು. ಹಾಗಾಗಿ ಅರವತ್ತರ ದಶಕದಲ್ಲೂ ಡಮ್‌ಡಮ್‌ನಲ್ಲಿ ಬೀಟಲ್ಸ್ ಹಾಡುಗಳನ್ನು 78ರಲ್ಲೇ ಅಚ್ಚು ಹಾಕಿದರು. ಈಗ ಲಂಡನ್ನಿನ ಸಂಗ್ರಹಕಾರರು ಅದಕ್ಕಾಗಿ ಬಾಯಿ ಬಿಡುತ್ತಾರೆ. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಬೆಳಗ್ಗೆ ಟಾರ್ಚ್ ಹಿಡಿದು ಬರುವವರಲ್ಲಿ ಅರ್ಧ ಜನ ಹುಡುಕೋದು ಇದನ್ನೇ. ನನಗೆ ಸಿಕ್ಕಿಲ್ಲ. ಸಿಕ್ಕರೆ ಮಾರಿ ಬೇರೆ ತಟ್ಟೆ ಕೊಳ್ಳುತ್ತೇನೆ.

ಇನ್ನು ನನ್ನ ಪ್ರೀತಿಯ ಎರಡನೆಯ ಜಾತಿ.

ನಮ್ಮ ಸೋದರಮಾವ ಕಡೂರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದರು. ಆಹುಜಾ ಆಂಪ್ಲಿಫೈಯರ್, ನಾಲ್ಕು ಕಹಳೆ, ಒಂದು ಪ್ಲೇಯರ್, ತಗಡಿನ ಟ್ರಂಕ್ ತುಂಬ ತಟ್ಟೆ. ಮದುವೆ, ನಾಮಕರಣ, ಜಾತ್ರೆ, ಎಲೆಕ್ಷನ್ ಎಲ್ಲಕ್ಕೂ ಅದೇ ಟ್ರಂಕ್. ಬೆಳಗ್ಗೆ ಭಕ್ತಿಗೀತೆ, ಆಮೇಲೆ ಸಿನಿಮಾ ಹಾಡು. ಸೂಜಿ ಸವೆದರೂ ಬದಲಾಯಿಸುತ್ತಿರಲಿಲ್ಲ. ಸೂಜಿ ಹಿಡಿದ ತೋಳು ಹಾರಿದರೆ ಅದರ ಮೇಲೆ ನಾಲ್ಕಾಣೆ ಇಟ್ಟು ಭಾರ ಕೊಡುತ್ತಿದ್ದರು. ತಟ್ಟೆ ಕಳುವಾಗಬಾರದು ಅಂತ ಲೇಬಲ್ ಮೇಲೆ ಆಯಿಲ್ ಪೇಂಟಿನಲ್ಲಿ ಅಂಗಡಿ ಹೆಸರು, ಪಕ್ಕದಲ್ಲಿ ನಂಬರ್. ಹಾಡು ಬರೆದವರ ಹೆಸರು ಆ ಪೇಂಟಿನ ಅಡಿಯಲ್ಲಿ ಹೋಯಿತು.

ಕನ್ನಡ ಸಿನಿಮಾ ಹಾಡಿನ ತಟ್ಟೆಗಳಲ್ಲಿ ಜಾಸ್ತಿ ಪಾಲು ಬದುಕಿದ್ದು ಇಂಥ ಅಂಗಡಿಗಳಲ್ಲಿ. ಎಷ್ಟು ಮನೆಯಲ್ಲಿ ಪ್ಲೇಯರ್ ಇತ್ತು ಹೇಳಿ? ಆದ್ದರಿಂದ ಹಾಡು ಎಷ್ಟು ಜನಪ್ರಿಯವೋ ತಟ್ಟೆ ಅಷ್ಟು ಹಾಳು. 1972ರ ಬಂಗಾರದ ಮನುಷ್ಯ ತಗೊಳ್ಳಿ. ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ. ಕರ್ನಾಟಕದಲ್ಲಿ ಆ ಚಿತ್ರದ ಹಾಡು ಬಾರದ ಮದುವೆಮನೆ ಇತ್ತೇ? ಅದರ ತಟ್ಟೆಗಳು ನನ್ನ ಕೈಗೆ ಹಲವು ಬಂದಿವೆ. ಎಲ್ಲವೂ ಬೂದು ಬಣ್ಣಕ್ಕೆ ತಿರುಗಿದವು. ಹಾಕಿದರೆ ಹಾಡಿಗಿಂತ ಮೊದಲು ಸರಸರ ಸದ್ದು. ಅದೇ ವರ್ಷಗಳ ಓಡದ ಚಿತ್ರಗಳ ತಟ್ಟೆಗಳು ಕನ್ನಡಿ ಹಾಗೆ ಹೊಳೆಯುತ್ತಾ ನೂರು ರೂಪಾಯಿಗೆ ಬೀಳುತ್ತವೆ.

ಹೊರದೇಶದ ಬೆಲೆಪಟ್ಟಿ ಹಿಡಿದುಕೊಂಡು ಬರುವ ಹೊಸ ಹುಡುಗರಿಗೆ ಇದು ಅರ್ಥವಾಗೋದಿಲ್ಲ. "ಇದು ಕಾಮನ್ ಅಲ್ವಾ ಸಾರ್" ಅನ್ನುತ್ತಾರೆ. ಹೌದಪ್ಪ, ಕಾಮನ್. ಒಂದು ಗೀರೂ ಇಲ್ಲದ್ದನ್ನು ತಂದು ತೋರಿಸು.

ತಟ್ಟೆ ನೋಡುವಾಗ ನಾನು ಲೇಬಲ್‌ನ ಮಧ್ಯದ ತೂತನ್ನು ಮೊದಲು ನೋಡುತ್ತೇನೆ. ಕತ್ತಲಲ್ಲಿ, ಅವಸರದಲ್ಲಿ ತಟ್ಟೆ ಹಾಕುವವರು ಪ್ಲೇಯರಿನ ನಡುವಿನ ಕಡ್ಡಿಗೆ ತೂತು ಸಿಗದೆ ಸುತ್ತ ತಿಕ್ಕುತ್ತಾರೆ. ಅಲ್ಲಿ ಸಣ್ಣ ಸಣ್ಣ ಗೆರೆ ಬಿದ್ದಿರುತ್ತವೆ. ಗೆರೆ ಜಾಸ್ತಿ ಇದ್ದರೆ ತಟ್ಟೆ ಎಷ್ಟು ಹೊಳೆದರೂ ನಂಬಬೇಡಿ, ಎಣ್ಣೆ ಹಚ್ಚಿ ಒರೆಸಿರುತ್ತಾರೆ. ಮಲೆನಾಡಿನಿಂದ ಬಂದದ್ದಾದರೆ ಬೂಷ್ಟು. ವಿನೈಲ್ ಮೇಲಿನ ಬೂಷ್ಟನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬಹುದು. 78ರ ತಟ್ಟೆಗೆ ಮಾತ್ರ ಅದನ್ನು ಮುಟ್ಟಿಸಲೇಬಾರದು. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ, ಹಾಡಿನ ಗೆರೆಯೇ ಹೋಗುತ್ತದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್, ಒಂದು ಹನಿ ಸೋಪು, ಲೇಬಲ್ ನೆನೆಯದ ಹಾಗೆ ಕೈ. ಸೂಜಿಯೂ ಬೇರೆ. 78ರ ಗೆರೆ ಅಗಲ. ಎಲ್‌ಪಿ ಸೂಜಿ ಅದರ ತಳಕ್ಕೆ ಬಿದ್ದು ಕಸವನ್ನೇ ಓದುತ್ತದೆ. "78ರಲ್ಲಿ ಬರೀ ಗೊರಗೊರ ಸದ್ದು" ಅನ್ನುವವರು ಸರಿಯಾದ ಸೂಜಿ ಹಾಕಿ ಒಮ್ಮೆ ಕೇಳಬೇಕು.

ಮೈಸೂರಲ್ಲಿದ್ದು ಗಾಯಕಿ ಗೋಹರ್ ಜಾನ್ ಬಗ್ಗೆ ಹೇಳದಿದ್ದರೆ ಹೇಗೆ? 1902ರ ನವೆಂಬರ್‌ನಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಮುಂದೆ ಹಾಡಿದ ಆಕೆ ಈ ದೇಶದಲ್ಲಿ ತಟ್ಟೆಗೆ ಹಾಡಿದ ಮೊದಲಿಗರಲ್ಲಿ ಒಬ್ಬರು. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಇದೇ ಊರಲ್ಲಿ ತೀರಿಕೊಂಡರು. ಅವರ ಮೊದಮೊದಲ ತಟ್ಟೆಗಳಲ್ಲಿ ನಾಯಿ ಇರೋದಿಲ್ಲ. ರೆಕ್ಕೆಯ ಮಗುವೊಂದು ಕೂತು ಗರಿಯಲ್ಲಿ ಬರೆಯುವ ಚಿತ್ರ ಇರುತ್ತದೆ. ಹಾಡು ಒಂದೇ ಬದಿ. ಕಲ್ಕತ್ತದಲ್ಲಿ ಆಗಿನ್ನೂ ಕಾರ್ಖಾನೆ ಇರಲಿಲ್ಲ. ಅದು ಬಂದದ್ದು 1908ರಲ್ಲಿ. ಅಲ್ಲಿಯವರೆಗೆ ಹಾಡಿದ್ದು ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ತಟ್ಟೆಯಾಗಿ, ಹಡಗು ಹತ್ತಿ ವಾಪಸ್ ಬರಬೇಕಿತ್ತು. ಫೋನ್ ಮಾಡುವವರು "ನಾಯಿ ಚಿತ್ರ ಇಲ್ಲ ಸಾರ್, ಯಾವುದೋ ಮಗು ಇದೆ" ಅಂದರೆ ನಾನು ಅರ್ಧ ದಿನ ರಜಾ ಹಾಕಿಯಾದರೂ ಹೋಗುತ್ತೇನೆ.

ಮೈಸೂರಿಗೆ ಸೇರಿದ ಇನ್ನೊಂದು ವಸ್ತು ಇದೆ, ಮೈಸೂರಿನಲ್ಲಿ ಯಾರೂ ಅದನ್ನು ಕೇಳೋದೇ ಇಲ್ಲ. ಜಯಚಾಮರಾಜ ಒಡೆಯರಿಗೆ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಹುಚ್ಚು. ಮೆಟ್ನರ್ ಆಗ ಲಂಡನ್ನಿನಲ್ಲಿ ಕಷ್ಟದಲ್ಲಿದ್ದರು, ಆರೋಗ್ಯವೂ ಕೆಟ್ಟಿತ್ತು. ಮಹಾರಾಜರು ದುಡ್ಡು ಕೊಟ್ಟು ಮೆಟ್ನರ್ ಸೊಸೈಟಿ ಮಾಡಿಸಿದರು. ಎಚ್‌ಎಂವಿ 78ರ ತಟ್ಟೆಗಳ ಆಲ್ಬಂ ತಂದಿತು. ತಾವು ರಚಿಸಿದ ಮೂರು ಪಿಯಾನೊ ಕಾನ್ಸರ್ಟೊಗಳನ್ನೂ, ಅಂದರೆ ಪಿಯಾನೊಗೆ ವಾದ್ಯವೃಂದ ಜೊತೆಯಾಗುವ ಕೃತಿಗಳನ್ನೂ, ಮೆಟ್ನರ್ ಸ್ವತಃ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ನುಡಿಸಿದ್ದಾರೆ. ಮೂರನೆಯದನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ಮುದ್ರಣ ಆಗದಿದ್ದರೆ ಅವರ ಕೈಯಲ್ಲಿ ಆ ಕಾನ್ಸರ್ಟೊಗಳು ನಮಗೆ ಕೇಳಿಸುತ್ತಲೇ ಇರಲಿಲ್ಲ. ನಾನು ಕೇಳಿದ್ದು ಸಿಡಿಯಲ್ಲಿ. ಆಲ್ಬಂ ಕೊಳ್ಳುವ ಆಸೆ ಇದೆ. ಆದರೆ ಇಂಗ್ಲೆಂಡಿನಿಂದ ಅರಗಿನ ತಟ್ಟೆ ಪಾರ್ಸೆಲ್ ತರಿಸೋದು ಅಂದರೆ ದುಡ್ಡು ಕೊಟ್ಟು ಚೂರು ಕೊಂಡ ಹಾಗೆ ಅಂತ ಹೆಂಡತಿ ಹೇಳುತ್ತಾಳೆ. ಸುಳ್ಳಲ್ಲ.

ಸದ್ಯಕ್ಕೆ ನನ್ನ ತಲೆಯಲ್ಲಿರೋದು ಹುಬ್ಬಳ್ಳಿ. ಅಲ್ಲಿಯ ಹಳೇ ಮನೆಯೊಂದನ್ನು ಕೆಡವುತ್ತಿದ್ದಾರೆ, ಅಟ್ಟದಲ್ಲಿ ಎರಡು ಪೆಟ್ಟಿಗೆ ತಟ್ಟೆ ಸಿಕ್ಕಿದೆಯಂತೆ. ಫೋಟೋದಲ್ಲಿ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯದ್ದು ಒಂದಿಷ್ಟು ಕಂಡಿತು, ಒಂದು ನಾಟಕದ ತಟ್ಟೆಗಳ ಸೆಟ್ಟೂ ಇದೆ. ಜೊತೆಗೆ ಲೇಬಲ್ ಅರ್ಧ ಹರಿದ ಒಂದು ತಟ್ಟೆ. ಅದರಲ್ಲಿ "ಗಾಂಧಾರಿ" ಅಂತ ಓದಬಹುದು. ಗಂಗೂಬಾಯಿ ಹಾನಗಲ್ ಅವರ ಮೊದಲ ತಟ್ಟೆಗಳು ಗಾಂಧಾರಿ ಅನ್ನುವ ಹೆಸರಿನಲ್ಲೇ ಬಂದಿದ್ದು. ಆಗಿನ ದನಿ ತೆಳು, ಎತ್ತರ. ನಾವೆಲ್ಲ ಬಲ್ಲ ಗಂಡು ದನಿ ಬಂದದ್ದು ಗಂಟಲಿಗೆ ಚಿಕಿತ್ಸೆ ಆದ ಮೇಲೆ. ಆ ಮನೆಯವರು ಎರಡೂ ಪೆಟ್ಟಿಗೆ ಒಟ್ಟಿಗೇ ತಗೋಬೇಕು ಅಂತ ನಲವತ್ತು ಸಾವಿರ ಹೇಳಿದ್ದಾರೆ. ನಾನು ಹದಿನೆಂಟು ಅಂದೆ. ಮಗನನ್ನು ಕೇಳಿ ಹೇಳ್ತೀವಿ ಅಂದಿದ್ದಾರೆ. ಮಗ ಅಮೆರಿಕದಲ್ಲಿದ್ದಾನಂತೆ. ಅವನು ಖಂಡಿತ ಬೆಲೆಪಟ್ಟಿ ನೋಡುತ್ತಾನೆ.