ಆರು ಮಾತ್ರೆಯ ಸಾಲು

"ಮಗಳನ್ನು ಒಳಗೆ ಕರೆದರೇ?" ಎಂದು ಪಕ್ಕದಲ್ಲಿ ಕುಳಿತಿದ್ದ ತಾಯಿಯೊಬ್ಬರು ಕೇಳಿದರು. ಅವರ ಮಡಿಲಲ್ಲಿ ನೀರಿನ ಬಾಟಲಿ, ಕೈಯಲ್ಲಿ ಮಗನ ಸಂಗೀತದ ಪುಸ್ತಕ. ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆಯ ಹಾಡುಗಾರಿಕೆಗೆ ಕಾಯುತ್ತ ಆ ಜಗಲಿಯಲ್ಲಿ ಕುಳಿತವರೆಲ್ಲ ಹೆಚ್ಚುಕಡಿಮೆ ಹನ್ನೆರಡು ಹದಿಮೂರರ ಮಕ್ಕಳು. "ಪರೀಕ್ಷೆ ನನ್ನದೇ" ಎಂದು ಪ್ರವೇಶಪತ್ರ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಬೆಂಚಿನಲ್ಲಿ ಸರಿದು, ಫ್ಯಾನಿನ ಗಾಳಿ ಬೀಳುವ ಕಡೆ ನನಗೆ ಜಾಗ ಮಾಡಿಕೊಟ್ಟರು. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಅದು ಸಣ್ಣ ಉಪಕಾರವಲ್ಲ.

ನನಗೀಗ 46 ವರ್ಷ. ಒಂದು ಶಾಲೆಯಲ್ಲಿ 21 ವರ್ಷಗಳಿಂದ ಸಂಗೀತ ಶಿಕ್ಷಕಿಯಾಗಿದ್ದೇನೆ. ಭಾನುವಾರ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತೇನೆ, ಗಾಯಕವೃಂದವನ್ನು ನಡೆಸುತ್ತೇನೆ, ಸಂಜೆ ಮನೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತೇನೆ. ನಾನು ಕಲಿತದ್ದು ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸಂಗೀತ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಎಂದರೇನು ಎಂಬುದು 43ನೆಯ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ.

ಅದನ್ನು ಕಲಿಯಲು ಹೊರಟದ್ದು ಒಂದು ಮಗುವಿನ ಪ್ರಶ್ನೆಯಿಂದ. ನಾಲ್ಕು ವರ್ಷಗಳ ಹಿಂದೆ ಸಂಡೇ ಸ್ಕೂಲಿನಲ್ಲಿ ಹಳೆಯ ಸಂಗೀತವೊಂದನ್ನು (ನಮ್ಮಲ್ಲಿ ಆರಾಧನೆಯ ಹಾಡಿಗೆ ಸಂಗೀತ ಎಂದೇ ಹೆಸರು) ಕಲಿಸುತ್ತಿದ್ದೆ. ಆರು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ, "ಟೀಚರ್, ದೇವರಿಗೆ ಬಾಲ ಉಂಟೇ?" ಎಂದು ಕೇಳಿದಳು. ಹಾಡಿನಲ್ಲಿ ಇದ್ದದ್ದು ದೇವರ ಬಲ. ಆದರೆ ರಾಗ 'ಬ' ಬರುವಲ್ಲಿ ಎರಡು ಎಣಿಕೆ ನಿಲ್ಲುತ್ತದೆ. ನಾನೂ ನನ್ನ ತಾಯಿಯೂ ಅಜ್ಜಿಯೂ ಅದನ್ನು 'ಬಾಲ' ಎಂದೇ ಹಾಡಿಕೊಂಡು ಬಂದಿದ್ದೆವು. ಮಗು ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಅರ್ಥ ಮಾಡಿಕೊಂಡಿತ್ತು. ಆ ರಾತ್ರಿ ನಾನು ಸಂಗೀತದ ಪುಸ್ತಕವನ್ನು ತೆರೆದು ಒಂದೊಂದೇ ಹಾಡನ್ನು ಬಾಯಿಬಿಟ್ಟು ಓದಿದೆ, ನಂತರ ಹಾಡಿದೆ. ಓದುವಾಗ ಹ್ರಸ್ವವಾಗಿದ್ದದ್ದು ಹಾಡುವಾಗ ದೀರ್ಘವಾಗುತ್ತಿತ್ತು, ದೀರ್ಘವಾಗಿದ್ದದ್ದು ಎಲ್ಲೋ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಪುಟದಿಂದ ಪುಟಕ್ಕೆ ಇದೇ ಕಥೆ.

ಕಾರಣ ಗೊತ್ತಿರುವುದೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಬಂದವರು ತಮ್ಮೂರಿನ ರಾಗಗಳನ್ನೂ ಜೊತೆಗೆ ತಂದರು. ಆ ರಾಗಗಳು ಹುಟ್ಟಿದ್ದು ಜರ್ಮನ್ ಮಾತಿಗೆ. ಅಲ್ಲಿ ಪದದ ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆ ಎಂಬುದು ಮುಖ್ಯ. ನಮ್ಮಲ್ಲಿ ಅಕ್ಷರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಎಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇದನ್ನು ಆ ಜನ ಅರಿಯದವರೇನಲ್ಲ. ನಾಗವರ್ಮನ ಛಂದಶ್ಶಾಸ್ತ್ರ ಗ್ರಂಥ ಛಂದೋಂಬುಧಿಯನ್ನು ಸಂಪಾದಿಸಿ 1875ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಅದೇ ಮಿಷನ್ನಿನ ಕಿಟೆಲ್. ಕನ್ನಡದ ಲಘುಗುರುಗಳನ್ನು ಅಷ್ಟು ಪ್ರೀತಿಯಿಂದ ಎಣಿಸಿದ ಪಾದ್ರಿ ನಡೆದಾಡಿದ ಊರಿನಲ್ಲಿ, ಒಂದೂವರೆ ಶತಮಾನದ ಬಳಿಕ, ನಾನು ಮಗುವಿಗೆ ಬಲವನ್ನು ಬಾಲವೆಂದು ಕಲಿಸುತ್ತಿದ್ದೆ. ಇದು ನನ್ನನ್ನು ನಿಜವಾಗಿ ನೋಯಿಸಿತು.

ಆದರೂ ಆ ಹಳೆಯ ರಾಗಗಳ ಮೇಲೆ ನನಗೆ ಸಿಟ್ಟಿಲ್ಲ. ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದ ನನ್ನ ಅಜ್ಜ ರಾತ್ರಿ ಊಟದ ಮುಂಚೆ, ಆವೆಯ ಕಾವು ಇನ್ನೂ ಆರದ ಮೈಯಲ್ಲಿ, ಕಾಲಿನಿಂದ ತುಳಿಯುವ ಹಾರ್ಮೋನಿಯಂ ಮುಂದೆ ಕುಳಿತು ನುಡಿಸುತ್ತಿದ್ದದ್ದು ಅವನ್ನೇ. ನಾಲ್ಕು ದನಿಗಳು ಒಟ್ಟಿಗೆ ಏಳುವಾಗ ಎದೆಯಲ್ಲಿ ಆಗುವುದನ್ನು ನಾನು ಬೇರೆ ಯಾವ ಸಂಗೀತದಲ್ಲೂ ಕಂಡಿಲ್ಲ. ಆ ರಾಗಗಳನ್ನು ಬಿಡುವುದು ನನ್ನ ಉದ್ದೇಶವಾಗಿರಲಿಲ್ಲ. ಅವುಗಳ ಪಕ್ಕದಲ್ಲಿ, ಕನ್ನಡದ ಮಾತು ತನ್ನ ಅಳತೆಯಲ್ಲೇ ನಿಲ್ಲುವ ಒಂದೇ ಒಂದು ಹಾಡನ್ನು ನಮ್ಮ ಸಭೆಗೆ ಕಟ್ಟಿಕೊಡಬೇಕು ಎನಿಸಿತ್ತು. ಅದಕ್ಕೆ ತಾಳ ಕಲಿಯಬೇಕಿತ್ತು. ಹಾಗಾಗಿ ಕಾರ್‌ಸ್ಟ್ರೀಟ್ ಬಳಿಯ ಒಬ್ಬ ವಿದುಷಿಯ ಮನೆಬಾಗಿಲಿಗೆ ಹೋದೆ.

ಮೊದಲ ದಿನವೇ ಅವರು ನನ್ನಿಂದ ಮಾಯಾಮಾಳವಗೌಳ ರಾಗದ ಆರೋಹಣ ಹಾಡಿಸಿ, "ನಿಮ್ಮ ಸ್ವರಸ್ಥಾನ ಚೊಕ್ಕವಾಗಿ ಉಂಟು. ಆದರೆ ಸ್ವರಗಳು ಒಂದರ ಪಕ್ಕ ಒಂದು ಹಲಗೆ ಹಾಸಿದ ಹಾಗೆ ಇವೆ. ನಡುವೆ ನೀರು ಹರಿಯಬೇಕು" ಎಂದರು. ಕೀಬೋರ್ಡಿನ ಮನೆಗಳ ಮೇಲೆ ಬೆಳೆದ ಕಿವಿ ನನ್ನದು. ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ದಾರಿಯೇ ಅಲ್ಲಿಲ್ಲ. ಸ್ವರವನ್ನು ಹೀಗೆ ಜಾರಿಸಿ ತೂಗುವ ಗಮಕ ಇಂದಿಗೂ ನನಗೆ ಕಷ್ಟ. ಇನ್ನೊಂದು ಕಷ್ಟ ಷಡ್ಜದ್ದು. ನನ್ನ ಶ್ರುತಿ ನಾಲ್ಕೂವರೆ ಮನೆ. ಅದು ನನ್ನ ಕಿವಿಗೆ ಎಫ್ ಶಾರ್ಪ್ ಎಂದೇ ಕೇಳಿಸುತ್ತದೆ, 'ಸ' ಎಂದು ಕೇಳಿಸಲು ಒಂದು ವರ್ಷವೇ ಹಿಡಿಯಿತು.

ಮನೆಯಲ್ಲಿ ಅತ್ತೆಗೆ ಬೇರೆಯೇ ಚಿಂತೆ. ಆರಂಭದ ಪಾಠಗಳಲ್ಲಿ ಬರುವ ಪಿಳ್ಳಾರಿ ಗೀತೆ ಅಭ್ಯಾಸ ಮಾಡುವುದನ್ನು ಕೇಳಿ, "ಇದು ಗಣಪತಿಯ ಹಾಡಲ್ಲವೇ?" ಎಂದು ಕೇಳಿದರು. ದನಿಯಲ್ಲಿ ಗದರಿಕೆ ಇರಲಿಲ್ಲ, ನಿಜವಾದ ಕಳವಳವಿತ್ತು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನನ್ನ ವಿಶ್ವಾಸ ನನಗೆ ಬಟ್ಟೆಯ ಹಾಗಲ್ಲ, ಹೊರಗೆ ಹೋಗುವಾಗ ಕಳಚಿಡಲು. ಸಭಾಪಾಲಕರ ಬಳಿ ಹೇಳಿಕೊಂಡೆ. "ನೀವು ಯಾರಿಗೆ ಪ್ರಾರ್ಥಿಸುತ್ತೀರಿ ಎಂಬುದು ನಿಮಗೆ ಗೊತ್ತು, ಆತನಿಗೂ ಗೊತ್ತು" ಎಂದಷ್ಟೇ ಹೇಳಿದರು. ವಿದುಷಿಯ ಕೋಣೆಯಲ್ಲಿ ಸರಸ್ವತಿಯ ಪಟದ ಮುಂದೆ ದೀಪ ಉರಿಯುತ್ತದೆ. ಪಾಠಕ್ಕೆ ಮುಂಚೆ ಅವರು ಕೈಮುಗಿಯುತ್ತಾರೆ, ನಾನು ಕಣ್ಣುಮುಚ್ಚಿ ನನ್ನ ಪ್ರಾರ್ಥನೆ ಮಾಡುತ್ತೇನೆ. ಮೂರು ವರ್ಷಗಳಲ್ಲಿ ಅವರು ಒಮ್ಮೆಯೂ ಏನನ್ನೂ ಕೇಳಿಲ್ಲ. ನಾನು ಮುಗಿಸಿ ಕಣ್ಣು ತೆರೆಯುವ ತನಕ ಶ್ರುತಿಪೆಟ್ಟಿಗೆ ಹಾಕದೆ ಕಾಯುತ್ತಾರೆ. ಅತ್ತೆಗೆ ಇದನ್ನು ಹೇಳಿದಾಗ ಅವರು ಸುಮ್ಮನಾದರು. ಪೂರ್ತಿ ಒಪ್ಪಿದರೆಂದು ನಾನು ಹೇಳಲಾರೆ.

ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ, ಪಾಠ ಮುಗಿದ ಮೇಲೆ, ಧೈರ್ಯ ಮಾಡಿ ವಿದುಷಿಯ ಮುಂದೆ 23ನೆಯ ಕೀರ್ತನೆಯ ಮೊದಲ ಸಾಲನ್ನು ಓದಿದೆ. ನಮ್ಮ ಕನ್ನಡ ಬೈಬಲಿನಲ್ಲಿ ಅದು ಹೀಗಿದೆ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಗದ್ಯವೇ. ಯಾರೂ ಅದನ್ನು ಛಂದಸ್ಸಿನಲ್ಲಿ ಕೂರಿಸಿದ್ದಲ್ಲ. ಅವರು "ಇನ್ನೊಮ್ಮೆ ಓದಿ" ಎಂದರು. ಮೂರನೆಯ ಸಲ ಓದುವಾಗ ಅವರ ಬಲಗೈ ತೊಡೆಯ ಮೇಲೆ ಬಿತ್ತು. ಒಂದು ತಟ್ಟು, ಒಂದು ಬೀಸು. ಮತ್ತೆ ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ರೂಪಕ ತಾಳ. ಆರು ಅಕ್ಷರಕಾಲ.

ಯೆಹೋವನು ನ. ಒಂದು, ಎರಡು, ಒಂದು, ಒಂದು, ಒಂದು: ಆರು.

ನಗೆ ಕುರುಬನು. ಆರೂ ಲಘು: ಆರು.

ಕೊರತೆಪಡೆನು. ಮತ್ತೆ ಆರೂ ಲಘು: ಆರು.

"ಇದು ಇದ್ದ ಹಾಗೆಯೇ ರೂಪಕಕ್ಕೆ ಬರುತ್ತದಲ್ಲ!" ಎಂದರು ಅವರು. ನನಗೆ ಮಾತು ಹೊರಡಲಿಲ್ಲ. ಸಂಡೇ ಸ್ಕೂಲಿನ ಕಾಲದಿಂದ ಬಾಯಿಪಾಠವಿದ್ದ ಸಾಲು, ಸಾವಿನ ಮನೆಗಳಲ್ಲಿ ಓದಿದ ಸಾಲು, ಅಪ್ಪನ ತಲೆದೆಸೆಯಲ್ಲಿ ಕುಳಿತು ನಾನೇ ಓದಿದ ಸಾಲು. ಅದರೊಳಗೆ ತಾಳದ ಮೂರು ಪೂರ್ತಿ ಸುತ್ತುಗಳು, ಮೂರು ಆವರ್ತನಗಳು, ಕುಳಿತಿದ್ದವು. ಇಡೀ ಸಾಲಿನಲ್ಲಿ ಗುರು ಇರುವುದು ಒಂದೇ ಒಂದು ಕಡೆ, ದೇವರ ಹೆಸರಿನಲ್ಲಿ. ಉಳಿದದ್ದೆಲ್ಲ ಕುರಿಮರಿಯ ಹೆಜ್ಜೆಗಳ ಹಾಗೆ ಸಣ್ಣ ಸಣ್ಣ ಲಘುಗಳು. ಕಾರ್‌ಸ್ಟ್ರೀಟಿನಿಂದ ಬಸ್ ನಿಲ್ದಾಣದವರೆಗೆ ಬೆರಳು ಎಣಿಸುತ್ತಲೇ ನಡೆದೆ.

ಪರೀಕ್ಷೆಗೆ ಕೂರುವುದು ಅವರದೇ ಸಲಹೆ. ಪ್ರಮಾಣಪತ್ರದಿಂದ ನನಗೆ ಆಗಬೇಕಾದದ್ದು ಏನೂ ಇಲ್ಲ. ಆದರೆ ಬೇಕಾದಷ್ಟನ್ನು ಮಾತ್ರ ಹೆಕ್ಕಿಕೊಂಡು ಓಡಿಹೋಗಬಾರದು, ಮಕ್ಕಳು ನಡೆಯುವ ದಾರಿಯಲ್ಲೇ ನಡೆಯಬೇಕು ಎಂಬ ಅವರ ಮಾತು ನನಗೆ ಸರಿ ಎನಿಸಿತು.

ಆ ದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಪುಂಡಿ ಬೇಯಲು ಇಟ್ಟು, ಹಿಂದಿನ ಜಗಲಿಯಲ್ಲಿ ಮೊಬೈಲಿನ ಶ್ರುತಿ ಹಾಕಿಕೊಂಡು ಕುಳಿತೆ. ಮಗಳಿಗೆ ಕಾಲೇಜು ಪ್ರವೇಶದ ಓಡಾಟ, ಗಂಡನಿಗೆ ಬೆಳಗಿನ ಪಾಳಿ. ಹೊರಡುವಾಗ ಅತ್ತೆ ಬಾಗಿಲಿಗೆ ಬಂದರು. ಮಂಡಿನೋವಿನಿಂದ ಅವರು ಕೋಣೆ ಬಿಟ್ಟು ಬರುವುದೇ ಅಪರೂಪ. ತಲೆಯ ಮೇಲೆ ಕೈಯಿಟ್ಟು, ತುಟಿಯಲ್ಲೇ ಪ್ರಾರ್ಥನೆ ಮುಗಿಸಿ, ತುಳುವಿನಲ್ಲಿ "ಪೋದು ಬಲ" ಎಂದರು. ಹೋಗಿ ಬಾ ಎಂದು. ಯಾವುದಕ್ಕೆ ಹೋಗುತ್ತಿದ್ದೇನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪರೀಕ್ಷೆಯ ಜಗಲಿಯಲ್ಲಿ ನನ್ನದೇ ಶಾಲೆಯ ಏಳನೆಯ ತರಗತಿಯ ಹುಡುಗಿ ಸಿಕ್ಕಿದಳು. ಅವಳಿಗೆ ಸಪ್ತ ತಾಳಗಳ ಅಂಗಗಳು ನೀರು ಕುಡಿದಷ್ಟು ಸುಲಭ, ನನಗೆ ಧ್ರುವ ಮತ್ತು ಮಠ್ಯ ಒಂದಕ್ಕೊಂದು ಕಲೆಸುತ್ತವೆ. ಅವಳು ನನ್ನನ್ನು ಕೇಳಿದಳು, ನಾನು ಹೇಳಿದೆ, ತಪ್ಪಿದಾಗ ತಿದ್ದಿದಳು. ಶಾಲೆಯಲ್ಲಿ ನನ್ನ ಮುಂದೆ ತಲೆ ಎತ್ತಿ ಮಾತನಾಡದ ಹುಡುಗಿ ಅದು. ಆ ಹತ್ತು ನಿಮಿಷ ಅವಳ ಮುಖದಲ್ಲಿದ್ದ ಶ್ರದ್ಧೆ ನನ್ನ ಪಾಠಗಳಲ್ಲಿ ನನಗೆ ಎಷ್ಟು ಸಲ ಇರುತ್ತದೆ ಎಂದು ಯೋಚಿಸಿದೆ.

ಒಳಗೆ ಇಬ್ಬರು ಪರೀಕ್ಷಕರು. ಜಂಟಿ ವರಸೆ ಸರಿಯಾಗಿ ಬಂತು. ಮಲಹರಿ ರಾಗದ ಲಕ್ಷಣ ಕೇಳಿದರು. ಆರೋಹಣದಲ್ಲಿ ಗಾಂಧಾರ ನಿಷಾದಗಳಿಲ್ಲ, ಅವರೋಹಣದಲ್ಲಿ ನಿಷಾದವಿಲ್ಲ ಎಂದು ಹೇಳಿ ಗೀತೆ ಹಾಡಿದೆ. ತಾಳಕ್ಕೆ ಹೊಂದಿಸಿದ ಸ್ವರಾಭ್ಯಾಸವಾದ ಅಲಂಕಾರಕ್ಕೆ ಬಂದಾಗ ಹಿರಿಯ ಪರೀಕ್ಷಕಿ, "ರೂಪಕ, ಮೂರು ಕಾಲ" ಎಂದರು. ಎಂದರೆ ಮೂರು ವೇಗಗಳಲ್ಲಿ. ಸರಿ ಸರಿಗಮ, ರಿಗ ರಿಗಮಪ. ಮೂರನೆಯ ಕಾಲದಲ್ಲಿ ನಾಲಿಗೆ ತೊಡರುವುದು ನನ್ನ ಹಳೆಯ ತೊಂದರೆ. ಅಂದು ತೊಡರಲಿಲ್ಲ. ಐದು ತಿಂಗಳಿಂದ ಪಾತ್ರೆ ತೊಳೆಯುವಾಗಲೂ ನನ್ನ ಬೆರಳು ಆ ತಾಳವನ್ನೇ ಎಣಿಸುತ್ತಿತ್ತಲ್ಲ. ವರ್ಣದಲ್ಲಿ ಮಾತ್ರ ಎರಡು ಕಡೆ ಗಮಕ ಬಾರದೆ ಸ್ವರ ನೇರವಾಗಿ ನಿಂತುಬಿಟ್ಟಿತು. "ಚರ್ಚಿನಲ್ಲಿ ಹಾಡುತ್ತೀರಾ?" ಎಂದು ಅವರು ಕೇಳಿದರು. ಹೌದೆಂದೆ. "ದನಿ ಬಿಡುವ ರೀತಿಯಿಂದ ಗೊತ್ತಾಗುತ್ತದೆ. ಅದನ್ನು ಕಳೆದುಕೊಳ್ಳಬೇಡಿ, ಇದನ್ನೂ ಬಿಡಬೇಡಿ" ಎಂದರು. ಫಲಿತಾಂಶ ಇನ್ನೂ ಬಂದಿಲ್ಲ.

ಸಂಜೆ ಗಾಯಕವೃಂದದ ಅಭ್ಯಾಸ. ಭಾನುವಾರದ ಹಾಡುಗಳನ್ನು ಮುಗಿಸಿ, ಮೊದಲ ಸಲ ಆ ಸಾಲನ್ನು ಅವರ ಮುಂದೆ ಇಟ್ಟೆ. ಶುದ್ಧ ಸಾವೇರಿ ರಾಗದಲ್ಲಿ ಕೂರಿಸಿದ್ದೆ. ಅದರಲ್ಲಿ ಗಾಂಧಾರವಿಲ್ಲ, ನಿಷಾದವಿಲ್ಲ. ಇದೇ ಪೇಚಿಗೆ ಬಂತು. ನಮ್ಮ ನಾಲ್ಕು ದನಿಗಳ ಹಾಡುಗಾರಿಕೆ ನಿಂತಿರುವುದೇ ಸ, ಗ, ಪ ಎಂಬ ಮೂರು ಸ್ವರಗಳ ಕಟ್ಟಿನ ಮೇಲೆ. ಗಾಂಧಾರ ತೆಗೆದರೆ ಆಲ್ಟೊದವರಿಗೆ, ಅಂದರೆ ಹೆಂಗಸರ ಕೆಳದನಿಯವರಿಗೆ, ನಿಲ್ಲಲು ನೆಲವೇ ಇಲ್ಲ. "ನಾವು ಏನು ಹಾಡಬೇಕು?" ಎಂದು ಅವರು ಕೇಳಿದ್ದು ನ್ಯಾಯವೇ. ಕೊನೆಗೆ ಬೇಸ್ ಮತ್ತು ಟೆನರ್ ಷಡ್ಜ ಪಂಚಮವನ್ನು ತಂಬೂರಿಯ ಹಾಗೆ ಎಳೆದು ಹಿಡಿಯುವುದು, ಹೆಂಗಸರೆಲ್ಲ ಒಂದೇ ದನಿಯಲ್ಲಿ ಸಾಲನ್ನು ಹಾಡುವುದು ಎಂದು ಮಾಡಿಕೊಂಡೆವು.

ಬೇಸ್ ಹಾಡುವ ಹಿರಿಯರೊಬ್ಬರು ಮಾತ್ರ ಪುಸ್ತಕ ಮುಚ್ಚಿ ಕುಳಿತಿದ್ದರು. ಅವರ ತಂದೆ ನನ್ನ ಅಜ್ಜನ ಜೊತೆ ಅದೇ ಕಾರ್ಖಾನೆಯಲ್ಲಿದ್ದವರು. "ಟೀಚರ್, ಹಾಗಾದರೆ ನಮ್ಮ ಹಿರಿಯರು ಇಷ್ಟು ವರ್ಷ ಹಾಡಿದ್ದು ತಪ್ಪೇ?" ಎಂದರು. ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು, ಉತ್ತರವನ್ನೂ ಹೊಂದಿಸಿಟ್ಟುಕೊಂಡಿದ್ದೆ. ಅವರ ಮುಖ ನೋಡಿದಾಗ ಅದು ಬಾಯಿಗೆ ಬರಲಿಲ್ಲ. "ತಪ್ಪಲ್ಲ. ಅವರಿಗೆ ಸಿಕ್ಕಿದ ರಾಗದಲ್ಲಿ ಅವರು ಮನಸ್ಸಿಟ್ಟು ಹಾಡಿದರು. ನಾನೂ ಅದನ್ನೇ ಮಾಡುತ್ತಿದ್ದೇನೆ" ಎಂದೆ. ಅವರು ತಲೆಯಾಡಿಸಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಎರಡನೆಯ ಸಲ ಹಾಡುವಾಗ ಕೆಳಷಡ್ಜದಲ್ಲಿ ಅವರ ದನಿ ಸೇರಿತು. ಆ ದನಿ ಇಲ್ಲದೆ ನಮ್ಮ ಗಾಯಕವೃಂದದಲ್ಲಿ ಶ್ರುತಿಯೇ ನಿಲ್ಲುವುದಿಲ್ಲ.

ರಾತ್ರಿ ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಎರಡನೆಯ ಸಾಲನ್ನು ಹರಡಿಕೊಂಡು ಕುಳಿತೆ. "ಆತನು ನನ್ನನ್ನು ಹಸುರುಗಾವಲುಗಳಲ್ಲಿ ತಂಗಿಸುತ್ತಾನೆ." ಇದು ಮೊದಲ ಸಾಲಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆತನು ನನ್, ಆರು. ನನ್ನು ಹಸುರು, ಆರು. ಅಲ್ಲಿಯವರೆಗೆ ಎಷ್ಟು ಚಂದ! ಮುಂದೆ ಗಾವಲುಗ ಎಂದು ಐದಕ್ಕೆ ಬಂದು, 'ಳಲ್' ಎಂಬ ಗುರು ತಾಳದ ಗೆರೆಯ ಮೇಲೆಯೇ ಬಂದು ಕೂರುತ್ತದೆ, ಅರ್ಧ ಈ ಕಡೆ, ಅರ್ಧ ಆ ಕಡೆ. ತಿಂಗಳುಗಟ್ಟಲೆ ನಾನು ಒದ್ದಾಡುತ್ತಿರುವುದು ಇದೊಂದೇ ಜಾಗದಲ್ಲಿ. ಪದವನ್ನು ಬದಲಿಸುವ ಹಕ್ಕು ನನಗಿಲ್ಲ.

ಅತ್ತೆಗೆ ನಿದ್ದೆ ಬಂದಿರಲಿಲ್ಲ. ತೆರೆದ ಬಾಗಿಲಿನ ಆಚೆಯಿಂದ ಅವರ ದನಿ ಬಂತು. "ಅಷ್ಟು ಹೊತ್ತಿನಿಂದ ಅಲ್ಲಿಗೇ ಬಂದು ನಿಲ್ಲಿಸುತ್ತೀಯಲ್ಲ. ಗಾವಲಿಗೆ ಬಂದ ಮೇಲೆ ಕುರಿ ಸ್ವಲ್ಪ ನಿಲ್ಲುವುದಿಲ್ಲವೇ?"

ನಾನು ಪೆನ್ಸಿಲ್ ಹಿಡಿದೆ. ಗಾವಲು, ನಾಲ್ಕು, ಮುಂದೆ ಎರಡು ಕಾರ್ವೆ, ಅಂದರೆ ಎರಡು ಎಣಿಕೆಯ ಬಿಡುವು. ಗಳಲ್ಲಿ, ನಾಲ್ಕು, ಮತ್ತೆ ಎರಡು. ಪದ ನಡುವೆ ಬಿಟ್ಟುಕೊಳ್ಳುತ್ತದೆ, ವಿದುಷಿ ಇದನ್ನು ಒಪ್ಪುತ್ತಾರೋ ಇಲ್ಲವೋ. ಆದರೆ ಯಾವ ಅಕ್ಷರವೂ ಇದ್ದದ್ದಕ್ಕಿಂತ ಉದ್ದವಾಗಿಲ್ಲ. ಲು ಹ್ರಸ್ವವಾಗಿಯೇ ಮುಗಿದು, ನಂತರ ಮೌನ. ಮೆಲ್ಲನೆ ಹಾಡಿದೆ. ಕೋಣೆಯಿಂದ "ಇನ್ನೊಮ್ಮೆ" ಎಂದು ಕೇಳಿಸಿತು. ಇನ್ನೊಮ್ಮೆ ಹಾಡಿದೆ. ತಂಗಿಸುತ್ತಾನೆಯಲ್ಲಿ ಎಂಟು ಮಾತ್ರೆಗಳಿವೆ. ಅದನ್ನು ನಾಳೆ ನೋಡಬೇಕು.