ಮನೆಯಲ್ಲೇ ಕಾರು ಚಾರ್ಜ್ ಮಾಡಲು ಪರ್ಮಿಷನ್ ಬೇಕಾ?

ಎಲೆಕ್ಟ್ರಿಕ್ ಕಾರು ತಂದ ಮೇಲೆ ತೀರ್ಥಹಳ್ಳಿ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಆಗುಂಬೆ ಘಾಟಿ ಹತ್ತುತ್ತಾ? ಮನೆಯಲ್ಲಿ ಚಾರ್ಜ್ ಮಾಡಲು ಪರ್ಮಿಷನ್ ಬೇಕಾ? ಘಾಟಿ ಆರಾಮಾಗಿ ಹತ್ತುತ್ತದೆ. ಇಳಿಯುವಾಗ ಬ್ಯಾಟರಿಗೆ ಸ್ವಲ್ಪ ವಾಪಸ್ಸೂ ತುಂಬಿಕೊಳ್ಳುತ್ತದೆ. ಎರಡನೇ ಪ್ರಶ್ನೆಗೆ ರಸ್ತೆಯಲ್ಲಿ ನಿಂತು ಹೇಳಿ ಮುಗಿಯುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮನೆ ಚಾರ್ಜರ್‌ಗೆ ಅಂತ ಬೇರೆ ಲೈಸೆನ್ಸ್ ಇಲ್ಲ. ಇರುವ ಕನೆಕ್ಷನ್‌ನಲ್ಲೇ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿಯಲ್ಲೇ ಇದೆ. ಪಂಚಾಯ್ತಿಯಲ್ಲಿ ವಿಚಾರಿಸಿದೆ. 'ಕರೆಂಟಿನ ವಿಷಯ ನಮಗೆ ಬರಲ್ಲ' ಅಂದರು. ಕಾರು ಕೊಟ್ಟ ಶೋರೂಮಿನವರಂತೂ 'ಏನೂ ಬೇಡ ಸಾರ್, ಪ್ಲಗ್ ಹಾಕಿ ಅಷ್ಟೇ' ಅಂತ ಕೈ ತೊಳೆದುಕೊಂಡರು.

ಆದರೆ ಪ್ಲಗ್ ಹಾಕುವ ಮೊದಲು ಕರೆಂಟ್ ಬಿಲ್ ತೆಗೆದು ನೋಡಿ. ಅದರಲ್ಲಿ ಮಂಜೂರಾದ ಲೋಡ್, ಅಂದರೆ ಮನೆ ಒಟ್ಟಿಗೆ ಎಷ್ಟು ಕರೆಂಟ್ ಎಳೆಯಬಹುದು ಅಂತ ಬರೆದಿರುತ್ತದೆ. ನಮ್ಮದು ಅಜ್ಜನ ಕಾಲದ ಕನೆಕ್ಷನ್, 1 ಕಿಲೋವ್ಯಾಟ್. 15 ಆಂಪ್ ಪ್ಲಗ್ಗಿನಲ್ಲಿ ಕಾರೊಂದೇ 3 ಕಿಲೋವ್ಯಾಟ್ ಎಳೆಯುತ್ತದೆ. ಗೋಡೆಗೆ ಕೂರಿಸುವ ದೊಡ್ಡ ಚಾರ್ಜರ್ ಆದರೆ 7.2. ಲೋಡ್ ಜಾಸ್ತಿ ಮಾಡಿಸಲೇಬೇಕು. ಪರ್ಮಿಷನ್ ಅಂತ ಏನಾದರೂ ಇದ್ದರೆ ಅದು ಇದೇ. ಲೈಸೆನ್ಸ್ ಇರುವ ಗುತ್ತಿಗೆದಾರರನ್ನು ಹಿಡಿದರೆ ಅರ್ಜಿ, ವೈರಿಂಗ್ ರಿಪೋರ್ಟ್ ಎಲ್ಲ ಅವರೇ ನೋಡಿಕೊಳ್ಳುತ್ತಾರೆ.

ಲೋಡ್ ಏರಿಸಿದರೆ ಸಾಕಾ, ಬೇರೆ ಮೀಟರ್ ಹಾಕಿಸಬೇಕಾ? ಇಲ್ಲಿ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬರುತ್ತದೆ. ನಮ್ಮ ಮನೆಯ ಖರ್ಚು ತಿಂಗಳಿಗೆ 90 ಯೂನಿಟ್ ಆಸುಪಾಸು. ನನ್ನ ಓಡಾಟ ಸಾವಿರ ಕಿಲೋಮೀಟರ್. ಯೂನಿಟ್‌ಗೆ ಏಳು ಕಿಲೋಮೀಟರ್ ಅಂತ ಹಿಡಿದರೂ 140 ಯೂನಿಟ್ ಕಾರಿಗೇ ಬೇಕು. ಎರಡೂ ಸೇರಿದರೆ 200 ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಮ್ಮನಿಗೆ ಲೋಡ್, ಫೇಸ್ ಯಾವುದೂ ಬೇಡ. 'ಸೊನ್ನೆ ಬಿಲ್ ಹೋಗೋದಾದ್ರೆ ನಿನ್ನ ಕಾರು ಪೇಟೆಲೇ ಇರ್ಲಿ' ಅಂದುಬಿಟ್ಟರು. ಹಾಗಾಗಿ ಬೇರೆ ಮೀಟರ್. ಗ್ರಾಹಕರು ಕೇಳಿದರೆ ಚಾರ್ಜಿಂಗ್‌ಗೆ ಪ್ರತ್ಯೇಕ ಕನೆಕ್ಷನ್ ಕೊಡಬೇಕು ಅಂತ 2024ರ ವಿದ್ಯುತ್ ಗ್ರಾಹಕರ ಹಕ್ಕುಗಳ ತಿದ್ದುಪಡಿ ನಿಯಮ ಹೇಳುತ್ತದೆ. ಗಡುವೂ ಇದೆ: ಪಟ್ಟಣದಲ್ಲಿ 7 ದಿನ, ಹಳ್ಳಿಯಲ್ಲಿ 15, ಗುಡ್ಡಗಾಡಿನ ಹಳ್ಳಿಯಲ್ಲಿ 30. ನಾವು ಯಾವುದರಲ್ಲಿ ಬರುತ್ತೇವೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಈ ಮೀಟರ್ ಮನೆ ದರಕ್ಕೆ ಬರುವುದಿಲ್ಲ. ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್‌ಗೆ ಎಲ್‌ಟಿ-6(ಸಿ) ಅಂತ ಬೇರೆ ದರಪಟ್ಟಿ ಇದೆ. ಕಾರು ನಿಂತೇ ಇದ್ದರೂ ನಿಗದಿ ಶುಲ್ಕ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾಗದಪತ್ರಕ್ಕಿಂತ ನನ್ನನ್ನು ಸತಾಯಿಸಿದ್ದು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಮಳೆಗಾಲವಿಡೀ ಕಾರು ಕೊಟ್ಟಿಗೆಯ ಪ್ಲಗ್ಗಿನಲ್ಲಿ ತಕರಾರಿಲ್ಲದೆ ಚಾರ್ಜ್ ಆಯಿತು. ಮಾರ್ಚ್ ಬಂತು, ಚಾರ್ಜರ್‌ನಲ್ಲಿ ಕೆಂಪು ದೀಪ. ಪೇಟೆಯ ಎಲೆಕ್ಟ್ರಿಷಿಯನ್ ಬಂದವರು ಹೋಲ್ಡರಿನಲ್ಲಿ ನೂರು ವ್ಯಾಟಿನ ಹಳೇ ಬಲ್ಬ್ ಸಿಕ್ಕಿಸಿ, ಒಂದು ವೈರನ್ನು ಫೇಸಿಗೆ, ಇನ್ನೊಂದನ್ನು ಅರ್ತಿಗೆ ಮುಟ್ಟಿಸಿದರು. ಬಲ್ಬು ಚಿಮಣಿ ದೀಪದ ಹಾಗೆ ಮಿಣಮಿಣ ಅಂದಿತು. 'ಇದು ಅರ್ತಲ್ಲ ಮಾರಾಯ್ರೆ, ಸುಮ್ನೆ ಕಬ್ಬಿಣದ ಪೈಪು' ಅಂದರು. (ಈ ಪರೀಕ್ಷೆ ನೀವು ಮಾಡಲು ಹೋಗಬೇಡಿ.) ಹಳಬರು ಪೈಪನ್ನು ಬಚ್ಚಲ ನೀರು ಹರಿಯುವಲ್ಲೇ ಹುಗಿದಿದ್ದರು, ಸದಾ ತೇವ ಇರಲಿ ಅಂತ. ಆಮೇಲೆ ನಾವು ಬಚ್ಚಲನ್ನೇ ಒಳಗೆ ತಂದೆವು, ಆ ಜಾಗ ಒಣಗಿತು. ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ತೇವವೇ ಇಲ್ಲ. ಅರ್ತ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಲಸ ಮಾಡಲು ಒಪ್ಪುವುದಿಲ್ಲ. ಒಳ್ಳೆಯದೇ, ಫ್ರಿಡ್ಜು, ಗ್ರೈಂಡರ್ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಹೊಸ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ರಾಡ್ ಇಳಿಸಿದೆವು. ಚಾರ್ಜರ್‌ಗೆ ಅಂತಲೇ ದಪ್ಪ ತಾಮ್ರದ ವೈರು, ಲೋಡ್ ಮೀರಿದರೆ ತಾನೇ ಆಫ್ ಆಗುವ ಬೇರೆ ಎಂಸಿಬಿ, ಕರೆಂಟ್ ಸೋರಿದರೆ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಕೂತವು. ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯುವ ಕೆಲಸ ಅಮ್ಮನದು, ತುಳಸಿಗೆ ಹಾಕಿ ಉಳಿದದ್ದು ಇದಕ್ಕೆ.

ಗುಡುಗು ಶುರುವಾದರೆ ಮಾತ್ರ ಕಾರಿನಿಂದ ಪ್ಲಗ್ ಎಳೆದುಬಿಡುತ್ತೇನೆ. ಮುಂಗಾರು ಮುಂಚಿನ ಸಿಡಿಲಿನ ಮುಂದೆ ಯಾವ ಸುರಕ್ಷತಾ ಸಾಧನದ ಮೇಲೂ ನನಗೆ ಅಷ್ಟು ನಂಬಿಕೆ ಇಲ್ಲ.

ಈಗ ಪಕ್ಕದ ಮನೆಯವರೂ ಕಾರು ಬುಕ್ ಮಾಡಿದ್ದಾರೆ. ಅದರ ಆಚೆಯವರದೂ ಮಾತುಕತೆ ನಡೆದಿದೆ. ನಮ್ಮ ಕೇರಿಗಿರುವುದು 25 ಕೆವಿಎ ಟಿಸಿ ಒಂದೇ, ಅಂದರೆ ಹೆಚ್ಚೆಂದರೆ 25 ಕಿಲೋವ್ಯಾಟ್ ಹೊರುವ ಟ್ರಾನ್ಸ್‌ಫಾರ್ಮರ್. 7.2 ಕಿಲೋವ್ಯಾಟಿನ ನಾಲ್ಕು ಚಾರ್ಜರ್ ಒಟ್ಟಿಗೆ ಓಡಿದರೆ ಅದಕ್ಕಿಂತ ಜಾಸ್ತಿಯಾಯಿತು, ಪಂಪು, ಮಿಕ್ಸಿ ಲೆಕ್ಕ ಬೇರೆ. ದೊಡ್ಡ ಟಿಸಿ ಕೇಳಿ ಎಲ್ಲರೂ ಸೇರಿ ಒಂದು ಅರ್ಜಿ ಬರೆಯುತ್ತಿದ್ದೇವೆ. ಅದು ಬರುವ ತನಕ ಎಲ್ಲರೂ 15 ಆಂಪ್ ಪ್ಲಗ್ಗಿನಲ್ಲೇ ಇರುವುದು, ಪಕ್ಕದವರದು ರಾತ್ರಿ ಹನ್ನೊಂದರ ಒಳಗೆ, ನನ್ನದು ಆಮೇಲೆ ಅಂತ ಮಾತಾಗಿದೆ.